ಕ್ರಿಸ್ಟಲ್ ರೋಜರ್ಸ್

ಕ್ರಿಸ್ಟಲ್ ರೋಜರ್ಸ್ (1906–1996) ಇಂಗ್ಲೆಂಡಿನಿಂದ ಬಂದು ಭಾರತದಲ್ಲಿ ನೆಲೆಸಿದ ಪ್ರಾಣಿದಯಾ ಕಾರ್ಯಕರ್ತೆ. ದೆಹಲಿ, ಜೈಪುರ ಮತ್ತು ಬೆಂಗಳೂರು ನಗರಗಳಲ್ಲಿ ಒಂದಾದ ಮೇಲೊಂದರಂತೆ ಮೂರು ಸಂಸ್ಥೆಗಳನ್ನು ಸ್ಥಾಪಿಸಿದರು. ಗಾಯಗೊಂಡ, ರೋಗಪೀಡಿತ ಹಾಗೂ ಯಜಮಾನರು ತೊರೆದ ಪ್ರಾಣಿಗಳಿಗೆ ಆಶ್ರಯ ಮತ್ತು ಚಿಕಿತ್ಸೆ ನೀಡುವುದು ಈ ಸಂಸ್ಥೆಗಳ ಉದ್ದೇಶವಾಗಿತ್ತು. ಇವುಗಳಲ್ಲಿ ಕೊನೆಯದು 1991ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಂಪ್ಯಾಷನ್ ಅನ್‌ಲಿಮಿಟೆಡ್ ಪ್ಲಸ್ ಆ್ಯಕ್ಷನ್. ಕ್ಯೂಪಾ ಎಂಬ ಕಿರುಹೆಸರಿನಿಂದ ಪ್ರಸಿದ್ಧವಾಗಿರುವ ಈ ಸಂಸ್ಥೆಯನ್ನು ಕಟ್ಟುವಾಗ ಅವರ ವಯಸ್ಸು ಎಂಬತ್ತೈದರ ಆಸುಪಾಸಿನಲ್ಲಿತ್ತು. ಸಾಕುಪ್ರಾಣಿಗಳನ್ನು ಒಪ್ಪಿಸಿಕೊಳ್ಳುವುದು, ಮನೆಗಳಲ್ಲಿ ತಾತ್ಕಾಲಿಕವಾಗಿ ಪಾಲಿಸುವುದು ಮತ್ತು ದತ್ತು ಕೊಡುವುದು ಇಂದು ಕರ್ನಾಟಕದ ನಗರಗಳಲ್ಲಿ ಕ್ರಮಬದ್ಧವಾಗಿ ನಡೆಯುತ್ತಿದ್ದರೆ, ಅದರ ಹಿಂದೆ ಅವರ ಪರಂಪರೆಯ ಪಾಲು ದೊಡ್ಡದು.

ಭಾರತಕ್ಕೆ ಬಂದ ಬಗೆ

ರೋಜರ್ಸ್ ಅವರು ಭಾರತದಲ್ಲಿ ನೆಲೆಸುವ ಉದ್ದೇಶದಿಂದ ಬಂದವರಲ್ಲ. 1959ರಲ್ಲಿ, ತಮ್ಮ ಐವತ್ತರ ಹರೆಯದಲ್ಲಿ, ಅವರು ನ್ಯೂಜಿಲೆಂಡಿಗೆ ಹೊರಟಿದ್ದರು. ದಾರಿಯಲ್ಲಿ ಭಾರತದಲ್ಲಿ ಇಳಿದಾಗ ರಸ್ತೆಯ ಬದಿಯಲ್ಲಿ ಬಿದ್ದಿದ್ದ ಒಂದು ಕುದುರೆಯನ್ನು ಕಂಡರು. ಅದಕ್ಕೆ ಎದ್ದು ನಿಲ್ಲುವ ಶಕ್ತಿ ಇರಲಿಲ್ಲ. ಇನ್ನೂ ಜೀವವಿದ್ದ ಆ ಪ್ರಾಣಿಯ ಕಣ್ಣುಗಳನ್ನು ಕಾಗೆಗಳು ಕುಕ್ಕಿ ತೆಗೆದಿದ್ದವು. ಈ ದೃಶ್ಯ ಅವರ ಪ್ರಯಾಣವನ್ನು ಅಲ್ಲಿಗೇ ನಿಲ್ಲಿಸಿತು. ನ್ಯೂಜಿಲೆಂಡಿನ ವಿಚಾರವನ್ನು ಕೈಬಿಟ್ಟು ಅವರು ಇಲ್ಲಿಯೇ ಉಳಿದರು. ಮುಂದಿನ ಸುಮಾರು ಮೂವತ್ತೇಳು ವರ್ಷಗಳ ಬಾಳೆಲ್ಲ ಭಾರತದ ಪ್ರಾಣಿಗಳ ಸೇವೆಯಲ್ಲಿ ಕಳೆಯಿತು.

ಅವರ ಬಗ್ಗೆ ಬರೆದವರೆಲ್ಲರೂ ಈ ಕುದುರೆಯ ಪ್ರಸಂಗವನ್ನು ತಪ್ಪದೆ ಹೇಳುತ್ತಾರೆ. ಅದರಲ್ಲಿ ಕರುಣೆಯ ಜೊತೆಗೆ ಒಂದು ಕಠಿಣ ಪ್ರಶ್ನೆಯೂ ಅಡಗಿದೆ. ಬದುಕುವ ಭರವಸೆಯಿಲ್ಲದ, ನೋವಿನಲ್ಲಿ ನರಳುತ್ತಿರುವ ಪ್ರಾಣಿಯ ವಿಷಯದಲ್ಲಿ ಮನುಷ್ಯನ ಕರ್ತವ್ಯವೇನು? ಸಾಯಲು ಬಿಟ್ಟು ಮುಂದೆ ಹೋಗುವುದು ಅಹಿಂಸೆಯೋ, ನೋವಿಲ್ಲದ ಮರಣ ಕೊಡುವುದು ದಯೆಯೋ? ಭಾರತದ ಪ್ರಾಣಿದಯಾ ಸಂಸ್ಥೆಗಳಲ್ಲಿ ಈ ಚರ್ಚೆ ಇಂದಿಗೂ ಮುಗಿದಿಲ್ಲ. ದಯಾಮರಣವನ್ನು ಯಾವ ಸಂದರ್ಭದಲ್ಲಿಯೂ ಒಪ್ಪದ ಆಶ್ರಯಧಾಮಗಳು ಇವೆ. ಗುಣವಾಗುವ ಸಾಧ್ಯತೆಯೇ ಇಲ್ಲವೆಂದು ಪಶುವೈದ್ಯರು ಖಚಿತಪಡಿಸಿದ ಮೇಲೆ ಅದನ್ನು ಕೊನೆಯ ಉಪಾಯವಾಗಿ ಅನುಸರಿಸುವ ಸಂಸ್ಥೆಗಳೂ ಇವೆ.

ಅಂದಿನ ಸ್ಥಿತಿ

ರೋಜರ್ಸ್ ಅವರು ಬಂದಾಗ ಭಾರತಕ್ಕೆ ಪ್ರಾಣಿದಯೆ ಹೊಸ ವಿಷಯವಾಗಿರಲಿಲ್ಲ. ಗೋಶಾಲೆಗಳೂ ಪಿಂಜರಾಪೋಲುಗಳೂ ಶತಮಾನಗಳಿಂದ ಇದ್ದವು. ದೆಹಲಿಯ ಕೆಂಪುಕೋಟೆಯ ಎದುರಿನ ಜೈನ ಮಂದಿರಕ್ಕೆ ಸೇರಿದ ಪಕ್ಷಿ ಆಸ್ಪತ್ರೆ ಆಗಲೇ ಹೆಸರಾಗಿತ್ತು. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ ಇನ್ನೂ ಹಿಂದಕ್ಕೆ, ಹತ್ತನೆಯ ಶತಮಾನಕ್ಕೆ ಹೋಗಬಹುದು. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರು ಶಾಸನ ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲು. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನು ತನ್ನ ಪರಾಕ್ರಮಕ್ಕೆ ಮೆಚ್ಚಿ ಬೇಡಿದ್ದನ್ನು ಕೊಡಲು ಸಿದ್ಧನಾದಾಗ, ಗಂಗ ಬೂತುಗನ ಕಡೆಯ ಮಣಲೆರನೆಂಬ ವೀರನು ಬೇಡಿ ಪಡೆದದ್ದು ಈ ನಾಯಿಯನ್ನು. ಕಾಡುಹಂದಿಯೊಡನೆ ಹೋರಾಡಿ ಎರಡೂ ಸತ್ತ ಮೇಲೆ ಆ ಯಜಮಾನನು ಅದಕ್ಕೆ ಕಲ್ಲು ನಿಲ್ಲಿಸಿ ಪೂಜೆಗೂ ಏರ್ಪಾಡು ಮಾಡಿದನು. ಈ ಶಿಲೆ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯೊಂದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿದ್ದನ್ನೂ ಹೊಸ ಯಜಮಾನನು ಅದನ್ನು ಕಡೆಯವರೆಗೆ ಗೌರವಿಸಿದ್ದನ್ನೂ ಇಷ್ಟು ವಿವರವಾಗಿ ದಾಖಲಿಸಿದ ಶಾಸನ ಅಪೂರ್ವ.

ಆದರೆ ನಗರದ ಬೀದಿಯಲ್ಲಿ ಬಿದ್ದ ನಾಯಿ, ಕತ್ತೆ, ಕುದುರೆಗಳಿಗೆ ಈ ವ್ಯವಸ್ಥೆಗಳಲ್ಲಿ ಹೆಚ್ಚಿನ ಸ್ಥಾನವಿರಲಿಲ್ಲ. ಲಂಡನ್ನಿನಲ್ಲಿ 1860ರಲ್ಲಿಯೇ ಮೇರಿ ಟೀಲ್ಬಿ ಎಂಬ ಮಹಿಳೆ ದಿಕ್ಕಿಲ್ಲದ ನಾಯಿಗಳಿಗಾಗಿ ಆಶ್ರಯಧಾಮವನ್ನು ತೆರೆದಿದ್ದರು. ಅದೇ ಮುಂದೆ ಬ್ಯಾಟರ್ಸಿಗೆ ಸ್ಥಳಾಂತರಗೊಂಡು ಜಗತ್ಪ್ರಸಿದ್ಧವಾಯಿತು. ಭಾರತದಲ್ಲಿ ಕಲ್ಕತ್ತೆಯ ಪ್ರಾಣಿದಯಾ ಸಂಘ 1861ರಲ್ಲಿ ಹುಟ್ಟಿತಾದರೂ, ಇಂಥ ಸಂಘಗಳ ಗಮನ ಮುಖ್ಯವಾಗಿ ಗಾಡಿ ಎಳೆಯುವ ಎತ್ತು, ಕುದುರೆಗಳ ಮೇಲಿನ ಹಿಂಸೆಯನ್ನು ತಡೆಯುವ ಕಡೆಗಿತ್ತು. 1890ರ ವಸಾಹತು ಕಾಲದ ಕಾಯಿದೆಯೊಂದೇ ಆಗ ಇದ್ದ ಆಧಾರ. ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಮಾಡಿದ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆ ಜಾರಿಗೆ ಬಂದಿತು. 1962ರಲ್ಲಿ ಅವರ ಅಧ್ಯಕ್ಷತೆಯಲ್ಲಿಯೇ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ರಚನೆಯಾಯಿತು. ಮದರಾಸಿನಲ್ಲಿ ಕ್ಯಾಪ್ಟನ್ ವಿ. ಸುಂದರಂ ಅವರು ಬ್ಲೂ ಕ್ರಾಸ್ ಸಂಸ್ಥೆಯನ್ನು ಆರಂಭಿಸಿದ್ದೂ 1959ರಲ್ಲಿ. ಹೀಗೆ ರೋಜರ್ಸ್ ಅವರು ಭಾರತದಲ್ಲಿ ಕೆಲಸ ಶುರುಮಾಡಿದ ಕಾಲ ಈ ಕ್ಷೇತ್ರದಲ್ಲಿ ಹೊಸ ಚಟುವಟಿಕೆ ಮೂಡುತ್ತಿದ್ದ ಕಾಲವೇ ಆಗಿತ್ತು.

ದೆಹಲಿ ಮತ್ತು ಜೈಪುರ

ದೆಹಲಿಯಲ್ಲಿ ಅವರು ದಿ ಆ್ಯನಿಮಲ್ಸ್ ಫ್ರೆಂಡ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ ಬೀದಿಯ ಪ್ರಾಣಿಗಳಿಗೆ ಆಶ್ರಯ ನೀಡಿದರು. ಸುಮಾರು ಎರಡು ದಶಕಗಳ ನಂತರ ರಾಜಸ್ಥಾನಕ್ಕೆ ಹೋಗಿ 1980ರಲ್ಲಿ ಜೈಪುರದಲ್ಲಿ ಹೆಲ್ಪ್ ಇನ್ ಸಫರಿಂಗ್ ಎಂಬ ಎರಡನೆಯ ಸಂಸ್ಥೆಯನ್ನು ಕಟ್ಟಿದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು.

ಜೈಪುರದ ಸಂಸ್ಥೆಯ ಮುಂದಿನ ಕಥೆ ಅವರ ಜೀವನಚರಿತ್ರೆಯ ಭಾಗವಲ್ಲದಿದ್ದರೂ ಇಲ್ಲಿ ಹೇಳಲೇಬೇಕಾದುದು. ರೋಜರ್ಸ್ ಅವರು ಅಲ್ಲಿಂದ ತೆರಳಿದ ಮೇಲೆ ಆಸ್ಟ್ರೇಲಿಯಾದ ಕ್ರಿಸ್ಟೀನ್ ಟೌನೆಂಡ್ ಅದರ ಹೊಣೆ ಹೊತ್ತರು. 1994ರಲ್ಲಿ ಅಲ್ಲಿ ಬೀದಿನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲಿಯೇ ಮರಳಿ ಬಿಡುವ ಕಾರ್ಯಕ್ರಮ ಪ್ರಾರಂಭವಾಯಿತು. 2002ರ ಕೊನೆಯವರೆಗೆ ಸುಮಾರು 25 ಸಾವಿರ ನಾಯಿಗಳನ್ನು ಹೀಗೆ ನೋಡಿಕೊಳ್ಳಲಾಯಿತು. ಸಂಸ್ಥೆಯ ಪಶುವೈದ್ಯರಾದ ಜ್ಯಾಕ್ ರೀಸ್ ಮತ್ತು ಚಾವ್ಲಾ ಅವರು 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆ ಪ್ರದೇಶದ ಹೆಣ್ಣುನಾಯಿಗಳಲ್ಲಿ ಶೇಕಡ 65ರಷ್ಟಕ್ಕೆ ಶಸ್ತ್ರಚಿಕಿತ್ಸೆಯೂ ಲಸಿಕೆಯೂ ಆಗಿತ್ತು, ನಾಯಿಗಳ ಸಂಖ್ಯೆ ಶೇಕಡ 28ರಷ್ಟು ಇಳಿದಿತ್ತು, ಆ ಪ್ರದೇಶದಲ್ಲಿ ಮನುಷ್ಯರಿಗೆ ರೇಬೀಸ್ ತಗಲುವುದು ನಿಂತಿತ್ತು. ಒಬ್ಬರ ಮರುಕದಿಂದ ಹುಟ್ಟಿದ ಸಣ್ಣ ಆಶ್ರಯಧಾಮವೊಂದು ಸಾರ್ವಜನಿಕ ಆರೋಗ್ಯಕ್ಕೆ ಇಷ್ಟು ಉಪಕಾರ ಮಾಡಿದ ಉದಾಹರಣೆಗಳು ವಿರಳ.

ಬೆಂಗಳೂರು ಮತ್ತು ಕ್ಯೂಪಾ

ಬೆಂಗಳೂರಿಗೆ ಬಂದದ್ದು ವಿಶ್ರಾಂತಿಯ ವಯಸ್ಸಿನಲ್ಲಿ. ಆದರೆ 1991ರಲ್ಲಿ ಅವರು ಮೂರನೆಯ ಬಾರಿ, ಅದೇ ಮೊದಲಿನ ಹುಮ್ಮಸ್ಸಿನಲ್ಲಿ, ಸಂಸ್ಥೆಯೊಂದನ್ನು ಹುಟ್ಟುಹಾಕಿದರು. ಹೆಸರಿನ ಅರ್ಥವನ್ನು ಕನ್ನಡದಲ್ಲಿ ಹೇಳುವುದಾದರೆ ಎಲ್ಲೆಯಿಲ್ಲದ ಕರುಣೆ, ಅದರ ಜೊತೆಗೆ ಕೃತಿ ಎಂದಾಗುತ್ತದೆ. ಮರುಗುವವರು ಬಹಳ ಮಂದಿ, ಕೈಹಾಕುವವರು ಕಡಿಮೆ ಎಂಬುದನ್ನು ಮೂರು ದಶಕ ಕಂಡವರು ಇಟ್ಟ ಹೆಸರು ಇದು.

ಈ ಬಾರಿ ಅವರು ಕಟ್ಟಿದ್ದು ಒಬ್ಬರನ್ನೇ ನೆಚ್ಚಿಕೊಂಡ ಸಂಸ್ಥೆಯಲ್ಲ. ಆರಂಭದಿಂದಲೂ ಸ್ಥಳೀಯರು ಜೊತೆಗಿದ್ದರು. ಅವರಲ್ಲಿ ಸುಪರ್ಣಾ ಬಕ್ಷಿ ಗಂಗೂಲಿ ಅವರು ಮುಂದೆ ಕ್ಯೂಪಾದ ಹಾಗೂ ವನ್ಯಜೀವಿ ರಕ್ಷಣೆ ಮತ್ತು ಪುನರ್ವಸತಿ ಕೇಂದ್ರದ ನಾಯಕತ್ವ ವಹಿಸಿದರು. ಪಳಗಿಸಿದ ಆನೆಗಳ ಪರವಾಗಿ ಮಾಡಿದ ಕೆಲಸಕ್ಕಾಗಿ ಅವರಿಗೆ 2016ರಲ್ಲಿ ರಾಷ್ಟ್ರಪತಿಯವರಿಂದ ನಾರಿಶಕ್ತಿ ಪುರಸ್ಕಾರ ದೊರೆಯಿತು. ಕ್ಯೂಪಾ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆವರಣದಲ್ಲಿ ನೆಲೆಯೂರಿತು. ಪಶುವೈದ್ಯ ವಿದ್ಯಾರ್ಥಿಗಳು ಓಡಾಡುವ ಜಾಗದಲ್ಲಿಯೇ ಬೀದಿನಾಯಿಗಳ ಆಶ್ರಯಧಾಮವಿರುವುದು ಎರಡು ಕಡೆಗೂ ಅನುಕೂಲ. ಕಾಲಕ್ರಮದಲ್ಲಿ ಅಪಘಾತಕ್ಕೆ ಸಿಕ್ಕ ಪ್ರಾಣಿಗಳ ಚಿಕಿತ್ಸೆ, ಸಂತಾನ ನಿಯಂತ್ರಣ, ದನ, ಕುದುರೆಗಳಂಥ ದೊಡ್ಡ ಪ್ರಾಣಿಗಳ ಪಾಲನೆ, ಯಜಮಾನರು ತೊರೆದ ತಳಿನಾಯಿಗಳಿಗೆ ಹೊಸ ಮನೆ ಹುಡುಕುವ ದತ್ತು ಕೇಂದ್ರ ಎಂದು ಕೆಲಸ ಕವಲೊಡೆಯಿತು.

ರೋಜರ್ಸ್ ಅವರು ಈ ಬೆಳವಣಿಗೆಯ ಮೊದಲ ಹಂತವನ್ನಷ್ಟೇ ಕಂಡರು. 1996ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಅವರ ನೆನಪುಗಳ ಪುಸ್ತಕ ಮ್ಯಾಡ್ ಡಾಗ್ಸ್ ಆ್ಯಂಡ್ ಆ್ಯನ್ ಇಂಗ್ಲಿಷ್‌ವುಮನ್ 2000ದಲ್ಲಿ, ಅಂದರೆ ಅವರ ಮರಣಾನಂತರ, ಪೆಂಗ್ವಿನ್ ಪ್ರಕಾಶನದಿಂದ ಹೊರಬಂದಿತು. ಉರಿಬಿಸಿಲಿನಲ್ಲಿ ತಿರುಗುವ ಆಂಗ್ಲರನ್ನು ಗೇಲಿಮಾಡುವ ನೋಯೆಲ್ ಕವರ್ಡ್ ಅವರ 1930ರ ದಶಕದ ಹಾಡೊಂದರ ಹೆಸರನ್ನು ಸ್ವಲ್ಪ ತಿರುಚಿ ಮಾಡಿದ ಶೀರ್ಷಿಕೆ ಅದು. ತನ್ನನ್ನು ತಾನೇ ಹಾಸ್ಯಮಾಡಿಕೊಳ್ಳಬಲ್ಲ ಸ್ವಭಾವ ಅದರಲ್ಲಿ ಕಾಣುತ್ತದೆ.

ಸಾಕಿದ ಪ್ರಾಣಿಯನ್ನು ಒಪ್ಪಿಸುವುದು

ರೋಜರ್ಸ್ ಅವರ ಕೆಲಸ ಆರಂಭವಾದದ್ದು ಬೀದಿಯ ಪ್ರಾಣಿಗಳಿಂದ. ಆದರೆ ನಗರಗಳು ಬೆಳೆದಂತೆ ಮನೆಯಲ್ಲಿ ಸಾಕಿದ ಪ್ರಾಣಿಗಳೇ ಆಶ್ರಯಧಾಮಗಳ ಬಾಗಿಲಿಗೆ ಹೆಚ್ಚಾಗಿ ಬರತೊಡಗಿದವು. ಯಜಮಾನನೇ ಬಂದು ತನ್ನ ಪ್ರಾಣಿಯನ್ನು ಸಂಸ್ಥೆಗೆ ಬಿಟ್ಟುಕೊಡುವುದನ್ನು ಒಪ್ಪಿಸುವಿಕೆ ಎನ್ನಬಹುದು. ಇದಕ್ಕೆ ಹೇಳುವ ಕಾರಣಗಳು ಎಲ್ಲ ಊರುಗಳಲ್ಲಿಯೂ ಹೆಚ್ಚುಕಡಿಮೆ ಒಂದೇ: ಬಾಡಿಗೆ ಮನೆ ಬದಲಾಯಿತು, ಮಗು ಹುಟ್ಟಿತು, ವಿದೇಶದಲ್ಲಿ ಕೆಲಸ ಸಿಕ್ಕಿತು, ಮನೆಯ ಹಿರಿಯರು ತೀರಿಕೊಂಡರು, ನಾಯಿ ಕಚ್ಚಿತು, ಚಿಕಿತ್ಸೆಯ ಖರ್ಚು ಭರಿಸಲಾಗುತ್ತಿಲ್ಲ. ಕೆಲವು ನಿಜವಾದ ಸಂಕಟಗಳು. ಕೆಲವು ನೆಪಗಳು. ಎರಡನ್ನೂ ಬೇರ್ಪಡಿಸುವುದು ಕಷ್ಟವಾದ್ದರಿಂದ ಅನುಭವಿ ಕಾರ್ಯಕರ್ತರು ಬಂದವರನ್ನು ಗದರಿಸುವುದಿಲ್ಲ. ಗದರಿಸಿ ಕಳುಹಿಸಿದರೆ ಅದೇ ರಾತ್ರಿ ಆ ನಾಯಿ ಹೆದ್ದಾರಿಯ ಬದಿಯಲ್ಲಿ ಇಳಿಯುವ ಸಂಭವವಿರುತ್ತದೆ ಎಂಬುದು ಅವರಿಗೆ ಗೊತ್ತು.

ಆದ್ದರಿಂದ ಮೊದಲ ಪ್ರಯತ್ನ ಪ್ರಾಣಿಯನ್ನು ಅದರ ಮನೆಯಲ್ಲಿಯೇ ಉಳಿಸುವುದು. ಬೊಗಳುವ, ಕಡಿಯುವ ಚಾಳಿಗೆ ತರಬೇತುದಾರರ ಸಲಹೆ, ಚಿಕಿತ್ಸೆಗೆ ರಿಯಾಯಿತಿ, ಊರಿಗೆ ಹೋಗುವವರಿಗೆ ಕೆಲಕಾಲದ ವಸತಿ ಇಷ್ಟರಿಂದಲೇ ಅನೇಕ ಪ್ರಕರಣಗಳು ಮುಗಿಯುತ್ತವೆ. ಮುಗಿಯದಿದ್ದರೆ, ಹೊಸ ಮನೆ ಸಿಗುವವರೆಗೆ ಯಜಮಾನನೇ ಇಟ್ಟುಕೊಳ್ಳುವಂತೆ ಕೇಳುವುದು ಎರಡನೆಯ ಹೆಜ್ಜೆ. ಆಶ್ರಯಧಾಮಕ್ಕೆ ಸೇರಿಸುವುದು ಕೊನೆಯದು. ಸೇರಿಸುವಾಗ ಯಜಮಾನನು ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಸಹಿ ಮಾಡಬೇಕು, ಲಸಿಕೆಯ ಪುಸ್ತಕ ಕೊಡಬೇಕು, ಪ್ರಾಣಿಯ ವಯಸ್ಸು, ರೋಗ, ತಿನ್ನುವ ಆಹಾರ, ಯಾರನ್ನಾದರೂ ಕಚ್ಚಿದ್ದರೆ ಆ ಸಂಗತಿ ಇವನ್ನೆಲ್ಲ ತಿಳಿಸಬೇಕು. ಕಚ್ಚಿದ್ದನ್ನು ಮುಚ್ಚಿಟ್ಟು ಒಪ್ಪಿಸುವವರಿದ್ದಾರೆ. ಅದರಿಂದ ಮುಂದಿನ ಮನೆಯ ಮಕ್ಕಳಿಗೆ ಅಪಾಯವೆಂಬುದನ್ನು ಅವರು ಯೋಚಿಸುವುದಿಲ್ಲ.

ಒಳಗೆ ಬಂದ ಪ್ರಾಣಿಯನ್ನು ನೇರವಾಗಿ ಉಳಿದವುಗಳ ಜೊತೆ ಬಿಡುವುದಿಲ್ಲ. ಪಾರ್ವೊ ಮತ್ತು ಡಿಸ್ಟೆಂಪರ್ ಎಂಬ ಎರಡು ಅಂಟುರೋಗಗಳು ಮರಿಗಳ ಕೊಟ್ಟಿಗೆಯೊಂದನ್ನು ಕೆಲವೇ ದಿನಗಳಲ್ಲಿ ಖಾಲಿ ಮಾಡಬಲ್ಲವು. ಹಾಗಾಗಿ ಪ್ರತ್ಯೇಕ ಗೂಡಿನಲ್ಲಿಟ್ಟು ಜಂತುಹುಳುವಿನ ಔಷಧ, ಲಸಿಕೆ, ರಕ್ತಪರೀಕ್ಷೆಗಳನ್ನು ಮುಗಿಸುತ್ತಾರೆ. ಕಚ್ಚಿದ ನಾಯಿಯಾದರೆ ಹತ್ತು ದಿನ ಕಣ್ಣಿಟ್ಟು ನೋಡುವುದು ರೇಬೀಸಿನ ವಿಷಯದಲ್ಲಿ ಎಲ್ಲೆಡೆ ಒಪ್ಪಿದ ಕ್ರಮ.

ಒಪ್ಪಿಸದೆ ಬೀದಿಗೆ ಬಿಡುವುದು ಕಾನೂನಿನ ಪ್ರಕಾರ ಅಪರಾಧ. ಹಸಿವು ಬಾಯಾರಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದನ್ನು 1960ರ ಕಾಯಿದೆಯ 11ನೆಯ ಪ್ರಕರಣ ಕ್ರೌರ್ಯವೆಂದೇ ಪರಿಗಣಿಸುತ್ತದೆ. ಆದರೆ ಆ ಕಾಯಿದೆ ಮೊದಲ ಸಲದ ತಪ್ಪಿಗೆ ವಿಧಿಸಿದ ದಂಡ 10 ರೂಪಾಯಿಯಿಂದ 50 ರೂಪಾಯಿ. 1960ರಲ್ಲಿ ಅದು ಲೆಕ್ಕಕ್ಕೆ ಬರುವ ಮೊತ್ತವಾಗಿದ್ದಿರಬಹುದು. ಇಂದು ಒಂದು ಪೊಟ್ಟಣ ನಾಯಿಬಿಸ್ಕತ್ತಿಗೂ ಅದು ಸಾಲದು.

ತಳಿನಾಯಿಗಳ ಹುಚ್ಚು ಈ ಸಮಸ್ಯೆಯನ್ನು ಹೆಚ್ಚಿಸಿತು. 2003ರಲ್ಲಿ ಮೊಬೈಲ್ ಕಂಪನಿಯೊಂದರ ದೂರದರ್ಶನ ಜಾಹೀರಾತಿನಲ್ಲಿ ಹುಡುಗನೊಬ್ಬನ ಹಿಂದೆ ಹಿಂದೆಯೇ ಓಡುವ ಪಗ್ ನಾಯಿ ಕಾಣಿಸಿಕೊಂಡ ಮೇಲೆ ಆ ತಳಿಗೆ ದೇಶದೆಲ್ಲೆಡೆ ಬೇಡಿಕೆ ಬಂದಿತು. ಚಪ್ಪಟೆ ಮೂತಿಯ ಈ ನಾಯಿಗೆ ಬೇಸಿಗೆಯಲ್ಲಿ ಉಸಿರಾಡುವುದೇ ಕಷ್ಟ. ಹಿಮಪ್ರದೇಶಕ್ಕೆ ಹೊಂದಿದ ಹಸ್ಕಿ, ಸೇಂಟ್ ಬರ್ನಾರ್ಡ್‌ಗಳ ಗತಿಯೂ ಇದೇ. ಮರಿಯಾಗಿದ್ದಾಗಿನ ಮುದ್ದು ಕಳೆದು ಔಷಧದ ಖರ್ಚು ಶುರುವಾದಾಗ ಅವು ದತ್ತು ಕೇಂದ್ರಕ್ಕೆ ಬರುತ್ತವೆ. ಮರಿ ಹಾಕಿಸಲೆಂದೇ ಇಟ್ಟುಕೊಂಡು, ವಯಸ್ಸಾದ ಮೇಲೆ ಹೊರಹಾಕಿದ ಹೆಣ್ಣುನಾಯಿಗಳ ಸ್ಥಿತಿ ಎಲ್ಲಕ್ಕಿಂತ ಶೋಚನೀಯ. 2017ರ ತಳಿ ಸಂವರ್ಧನಾ ನಿಯಮಗಳು ಮತ್ತು 2018ರ ಸಾಕುಪ್ರಾಣಿ ಅಂಗಡಿಗಳ ನಿಯಮಗಳು ಈ ವ್ಯಾಪಾರಕ್ಕೆ ನೋಂದಣಿಯನ್ನು ಕಡ್ಡಾಯಗೊಳಿಸಿವೆ. ಎಂಟು ವಾರ ತುಂಬದ ಮರಿಗಳ ಮಾರಾಟವನ್ನು ನಿಷೇಧಿಸಿವೆ.

ತಾತ್ಕಾಲಿಕ ಪಾಲನೆ

ಎಷ್ಟೇ ಅಚ್ಚುಕಟ್ಟಾದ ಆಶ್ರಯಧಾಮವಾದರೂ ಅದು ಮನೆಯಲ್ಲ. ನೂರಾರು ನಾಯಿಗಳ ಬೊಗಳುವಿಕೆಯ ನಡುವೆ ಅಂಜುಬುರುಕ ಪ್ರಾಣಿ ಇನ್ನಷ್ಟು ಮುದುಡಿಕೊಳ್ಳುತ್ತದೆ, ಮರಿಗಳಿಗೆ ರೋಗ ತಗಲುತ್ತದೆ. ಇದಕ್ಕೆ ಪರಿಹಾರವಾಗಿ ಸ್ವಯಂಸೇವಕರು ಕೆಲವು ವಾರ ಅಥವಾ ತಿಂಗಳ ಮಟ್ಟಿಗೆ ಪ್ರಾಣಿಯನ್ನು ತಮ್ಮ ಮನೆಯಲ್ಲಿಟ್ಟುಕೊಳ್ಳುತ್ತಾರೆ. ಆಹಾರ, ಔಷಧಗಳ ವೆಚ್ಚವನ್ನು ಸಾಮಾನ್ಯವಾಗಿ ಸಂಸ್ಥೆ ಕೊಡುತ್ತದೆ. ಜಾಗ, ಸಮಯ, ಅಕ್ಕರೆ ಪಾಲಕರದು. ಕಾನೂನಿನ ಹೊಣೆ ಸಂಸ್ಥೆಯಲ್ಲಿಯೇ ಉಳಿಯುತ್ತದೆ.

ತಾಯಿಯಿಲ್ಲದ ಮರಿಗಳ ಪಾಲನೆ ಇದರಲ್ಲಿ ಅತ್ಯಂತ ಶ್ರಮದ್ದು. ಕಣ್ಣುಬಿಡದ ಬೆಕ್ಕಿನ ಮರಿಗೆ ಹಗಲು ರಾತ್ರಿಯೆನ್ನದೆ ಎರಡು ಮೂರು ಗಂಟೆಗೊಮ್ಮೆ ಹಾಲು ಕುಡಿಸಬೇಕು. ಹಸುವಿನ ಹಾಲು ಹಲವು ಮರಿಗಳಿಗೆ ಒಗ್ಗದೆ ಭೇದಿಯಾಗುವುದರಿಂದ ಅವುಗಳಿಗೆಂದೇ ತಯಾರಾದ ಹಾಲಿನ ಪುಡಿಯನ್ನು ಬಳಸುತ್ತಾರೆ. ಮೈ ತಣ್ಣಗಾದ ಮರಿಗೆ ಹಾಲು ಕುಡಿಸಬಾರದು, ಮೊದಲು ಬೆಚ್ಚಗೆ ಮಾಡಬೇಕು. ತಾಯಿ ನೆಕ್ಕಿ ಮಾಡಿಸುವ ಮಲಮೂತ್ರ ವಿಸರ್ಜನೆಯನ್ನು ಒದ್ದೆ ಹತ್ತಿಯಿಂದ ಒರೆಸಿ ಮಾಡಿಸಬೇಕು. ಇಷ್ಟೆಲ್ಲ ಮಾಡಿಯೂ ಕೆಲವು ಉಳಿಯುವುದಿಲ್ಲ.

ಪಾಲಕರಿಗೆ ಒದಗುವ ಇನ್ನೊಂದು ಕಷ್ಟ ಬಿಟ್ಟುಕೊಡುವುದು. ಹಚ್ಚಿಕೊಂಡ ಪ್ರಾಣಿಯನ್ನು ಬೇರೆ ಮನೆಗೆ ಕಳುಹಿಸುವಾಗ ಅಳುವವರಿದ್ದಾರೆ, ಕಳುಹಿಸಲಾಗದೆ ತಾವೇ ದತ್ತು ಪಡೆಯುವವರೂ ಇದ್ದಾರೆ. ಅದು ತಪ್ಪೇನಲ್ಲ. ಆದರೆ ಹಾಗೆ ಇಟ್ಟುಕೊಂಡವರ ಮನೆಯಲ್ಲಿ ಮುಂದಿನ ಪ್ರಾಣಿಗೆ ಜಾಗವಿರುವುದಿಲ್ಲವಾದ್ದರಿಂದ ಸಂಸ್ಥೆಗಳು ಒಳ್ಳೆಯ ಪಾಲಕರನ್ನು ಕಳೆದುಕೊಳ್ಳುತ್ತವೆ. ಪಾಲನೆಯ ದೊಡ್ಡ ಪ್ರಯೋಜನವೆಂದರೆ ಪ್ರಾಣಿಯ ನಿಜವಾದ ಸ್ವಭಾವ ತಿಳಿಯುವುದು. ಮಕ್ಕಳೊಡನೆ ಹೇಗಿರುತ್ತದೆ, ಪಟಾಕಿಗೆ ಎಷ್ಟು ಹೆದರುತ್ತದೆ, ಒಂಟಿಯಾಗಿ ಬಿಟ್ಟರೆ ಬಾಗಿಲು ಕೆರೆಯುತ್ತದೆಯೇ ಎಂಬುದು ಗೂಡಿನಲ್ಲಿ ಗೊತ್ತಾಗುವುದಿಲ್ಲ.

ದತ್ತು

ಕನ್ನಡದಲ್ಲಿ ದತ್ತು ಎಂಬ ಮಾತಿಗೆ ಗಾಂಭೀರ್ಯವಿದೆ. ಮಗುವಿನ ವಿಷಯದಲ್ಲಿ ಬಳಸುವ ಪದವನ್ನು ನಾಯಿಬೆಕ್ಕುಗಳಿಗೆ ಬಳಸುವುದು ಅತಿಯಾಯಿತೆಂದು ಭಾವಿಸುವವರೂ ಇದ್ದಾರೆ. ಆದರೆ ಪದ ಸೂಚಿಸುವ ಹೊಣೆ ಇಲ್ಲಿಯೂ ಸಣ್ಣದಲ್ಲ. ನಾಯಿ ಹತ್ತು ಹನ್ನೆರಡು ವರ್ಷ ಬದುಕುತ್ತದೆ, ಬೆಕ್ಕು ಅದಕ್ಕಿಂತಲೂ ಹೆಚ್ಚು.

ದತ್ತು ಪಡೆಯಲು ಬಯಸುವವರು ಅರ್ಜಿ ತುಂಬಬೇಕು. ಮನೆ ಸ್ವಂತದ್ದೋ ಬಾಡಿಗೆಯದೋ, ಮಾಲೀಕರ ಒಪ್ಪಿಗೆ ಇದೆಯೋ, ಹಗಲಿನಲ್ಲಿ ಮನೆಯಲ್ಲಿ ಯಾರಿರುತ್ತಾರೆ, ಹಿಂದೆ ಸಾಕಿದ ಪ್ರಾಣಿ ಏನಾಯಿತು ಎಂಬ ಪ್ರಶ್ನೆಗಳಿರುತ್ತವೆ. ಕೊನೆಯ ಪ್ರಶ್ನೆಗೆ ಬರುವ ಉತ್ತರ ಬಹಳಷ್ಟನ್ನು ಹೇಳಿಬಿಡುತ್ತದೆ. ಮನೆಯವರೆಲ್ಲರೂ ಒಪ್ಪಿರಬೇಕೆಂಬುದು ಮುಖ್ಯ. ಮಗನ ಹಟಕ್ಕೆ ತಂದ ನಾಯಿಯ ಹೊರೆ ಕೊನೆಗೆ ತಾಯಿಯ ಮೇಲೆ ಬೀಳುವುದು ಎಲ್ಲರೂ ಕಂಡ ಸಂಗತಿ. ಬಳಿಕ ಸ್ವಯಂಸೇವಕರು ಮನೆಗೆ ಭೇಟಿ ಕೊಡುತ್ತಾರೆ. ಗೇಟಿನ ಸಂದು, ಬಾಲ್ಕನಿಯ ಕಂಬಿ, ತಾರಸಿಯ ಗೋಡೆಯ ಎತ್ತರವನ್ನು ನೋಡುತ್ತಾರೆ. ದಿನವಿಡೀ ಸರಪಳಿಯಲ್ಲಿ ಕಟ್ಟುವವರಿಗೆ, ತೋಟದ ಕಾವಲಿಗೆ ಮಾತ್ರ ಬೇಕೆನ್ನುವವರಿಗೆ ಹಲವು ಸಂಸ್ಥೆಗಳು ಕೊಡುವುದಿಲ್ಲ.

ಒಪ್ಪಂದಪತ್ರದಲ್ಲಿ ಎರಡು ಷರತ್ತುಗಳು ಸಾಮಾನ್ಯ. ಮೊದಲನೆಯದು ವಯಸ್ಸಿಗೆ ಬಂದಾಗ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು. ಬೆಕ್ಕಿನ ಮರಿ ಐದಾರು ತಿಂಗಳಿಗೇ ಗಬ್ಬವಾಗಬಲ್ಲದು, ನಾಯಿಯಾಗಲಿ ಬೆಕ್ಕಾಗಲಿ ಸುಮಾರು 63 ದಿನಗಳಲ್ಲಿ ಮರಿ ಹಾಕುತ್ತದೆ. ಆದ್ದರಿಂದ ಒಂದು ವರ್ಷದ ಅಲಕ್ಷ್ಯ ಆಶ್ರಯಧಾಮಕ್ಕೆ ಮತ್ತೊಂದು ಬುಟ್ಟಿ ಮರಿಗಳನ್ನು ಕಳುಹಿಸುತ್ತದೆ. ಎರಡನೆಯದು ಯಾವ ಕಾರಣದಿಂದಲೇ ಆಗಲಿ ಸಾಕಲಾಗದಿದ್ದರೆ ಪ್ರಾಣಿಯನ್ನು ಬೇರೆಯವರಿಗೆ ಕೊಡದೆ ಅದೇ ಸಂಸ್ಥೆಗೆ ಹಿಂದಿರುಗಿಸುವುದು. ಹಿಂದಿರುಗಿಸುವುದನ್ನು ಅವಮಾನವೆಂದು ಭಾವಿಸದಂತೆ ನೋಡಿಕೊಳ್ಳುವುದೂ ಸಂಸ್ಥೆಯ ಜಾಣ್ಮೆ. ದತ್ತು ಕೊಟ್ಟ ಮೊದಲ ಕೆಲವು ವಾರಗಳಲ್ಲಿ ದೂರವಾಣಿ ಮಾಡಿ ವಿಚಾರಿಸುತ್ತಾರೆ, ಚಿತ್ರ ಕಳುಹಿಸುವಂತೆ ಕೇಳುತ್ತಾರೆ.

ಈ ವಿಚಾರಣೆ ಅತಿ ಕಟ್ಟುನಿಟ್ಟಾದರೆ ಒಳ್ಳೆಯ ಕುಟುಂಬಗಳೂ ಬೇಸತ್ತು ಅಂಗಡಿಯಲ್ಲಿ ಮರಿ ಕೊಳ್ಳುತ್ತವೆ ಎಂಬ ಆಕ್ಷೇಪಣೆಯಿದೆ, ಅದರಲ್ಲಿ ಹುರುಳಿಲ್ಲದಿಲ್ಲ. ಸಡಿಲವಾದರೆ ಪ್ರಾಣಿ ಮರಳಿ ಬೀದಿಗೆ ಬೀಳುತ್ತದೆ. ವಸತಿ ಸಮುಚ್ಚಯಗಳ ಸಂಘಗಳು ಸಾಕುಪ್ರಾಣಿಗಳನ್ನು ನಿಷೇಧಿಸುವುದರಿಂದಲೂ ಅನೇಕ ದತ್ತುಗಳು ಮುರಿಯುತ್ತವೆ. ಇಂಥ ನಿಷೇಧ ಸಲ್ಲದೆಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿದೆ. ಇದೆಲ್ಲದರ ನಡುವೆ ಬೀದಿಯಲ್ಲಿ ಹುಟ್ಟಿದ ನಾಡತಳಿಯ ಮರಿಗಳಿಗೆ ಬೇಡಿಕೆ ಇನ್ನೂ ಕಡಿಮೆ. ಇಲ್ಲಿನ ಹವೆಗೆ ಒಗ್ಗಿದ, ಹೆಚ್ಚು ರೋಗವಿಲ್ಲದೆ ಬಾಳುವ ನಾಯಿಗಳು ಅವೇ.

ಬೀದಿನಾಯಿಗಳ ಪ್ರಶ್ನೆ

ಎಲ್ಲ ನಾಯಿಗಳಿಗೂ ಮನೆ ಹುಡುಕುವುದು ಸಾಧ್ಯವಿಲ್ಲ. ರೋಜರ್ಸ್ ಅವರು ಬೆಂಗಳೂರಿಗೆ ಬಂದ ಕಾಲದಲ್ಲಿ ಭಾರತದ ಅನೇಕ ನಗರಾಡಳಿತಗಳು ಬೀದಿನಾಯಿಗಳನ್ನು ಹಿಡಿದು ಕೊಲ್ಲುತ್ತಿದ್ದವು. ಕೊಂದಷ್ಟೂ ಹೊಸ ನಾಯಿಗಳು ಆ ಜಾಗಕ್ಕೆ ಬರುತ್ತಿದ್ದವು. 2001ರಲ್ಲಿ ಕೇಂದ್ರ ಸರ್ಕಾರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳನ್ನು ರೂಪಿಸಿ ಶಸ್ತ್ರಚಿಕಿತ್ಸೆ, ಲಸಿಕೆ ಮತ್ತು ಮರಳಿ ಬಿಡುವ ಕ್ರಮವನ್ನು ದೇಶಕ್ಕೆಲ್ಲ ಅನ್ವಯಿಸಿತು. 2023ರಲ್ಲಿ ಅದರ ಬದಲು ಹೊಸ ನಿಯಮಗಳು ಬಂದವು. ಶಸ್ತ್ರಚಿಕಿತ್ಸೆಯಾದ ನಾಯಿಯ ಕಿವಿಯ ಅಂಚಿನಲ್ಲಿ ಕತ್ತರಿಸಿದ ಗುರುತಿರುತ್ತದೆ. ಬೆಂಗಳೂರಿನಲ್ಲಿ ಈ ಕೆಲಸವನ್ನು ಪಾಲಿಕೆಯ ಜೊತೆ ಸೇರಿ ನಡೆಸಿದ ಸಂಸ್ಥೆಗಳಲ್ಲಿ ಕ್ಯೂಪಾ ಒಂದು.

ಈ ಕ್ರಮಕ್ಕೆ ವಿರೋಧವಿಲ್ಲದಿಲ್ಲ. 2007ರ ಆರಂಭದಲ್ಲಿ ಬೆಂಗಳೂರಿನಲ್ಲಿ ಬೀದಿನಾಯಿಗಳ ದಾಳಿಗೆ ಮಕ್ಕಳು ಬಲಿಯಾದಾಗ ಜನರ ಆಕ್ರೋಶ ಪಾಲಿಕೆಯ ಜೊತೆಗೆ ಪ್ರಾಣಿದಯಾ ಸಂಸ್ಥೆಗಳ ಮೇಲೂ ತಿರುಗಿತು. ಮಗುವನ್ನು ಕಳೆದುಕೊಂಡವರ ಎದುರು ಅಂಕಿಅಂಶಗಳ ವಾದ ನಿಲ್ಲುವುದಿಲ್ಲ. ಆದರೂ ಶಸ್ತ್ರಚಿಕಿತ್ಸೆಯನ್ನು ಅರೆಬರೆಯಾಗಿ ಮಾಡಿದ ಕಡೆಗಳಲ್ಲಿ ಫಲ ಕಾಣದಿರುವುದು, ಜೈಪುರದಂತೆ ಎಡೆಬಿಡದೆ ಮಾಡಿದ ಕಡೆ ಕಂಡಿರುವುದು ಗಮನಿಸಬೇಕಾದ ವ್ಯತ್ಯಾಸ. ಬೀದಿಗೆ ಬಿಟ್ಟ ಸಾಕುನಾಯಿಗಳೂ ಅವುಗಳ ಮರಿಗಳೂ ಈ ಸಂಖ್ಯೆಗೆ ಸೇರುತ್ತಲೇ ಇರುವುದರಿಂದ ಒಪ್ಪಿಸುವಿಕೆ ಮತ್ತು ದತ್ತುಗಳ ವ್ಯವಸ್ಥೆ ಬೀದಿನಾಯಿಗಳ ಪ್ರಶ್ನೆಯಿಂದ ಬೇರೆಯಲ್ಲ.

ನಗರದಿಂದಾಚೆ

ರೋಜರ್ಸ್ ಅವರು ತೋರಿದ ಮಾದರಿ ನಗರಗಳದ್ದು. ತುಂಗೆಯ ದಡದ ಹರಿಹರಪುರ, ಕೊಪ್ಪ, ಶೃಂಗೇರಿಗಳಂಥ ಮಲೆನಾಡಿನ ಊರುಗಳಲ್ಲಿ ನಾಯಿ ತೋಟದ ಮನೆಯ ಕಾವಲಿಗೆ, ಬೆಕ್ಕು ಅಟ್ಟದ ಇಲಿಗಳಿಗೆ. ಮರಿ ಬೇಕಾದವರು ನೆಂಟರಿಷ್ಟರ ಮನೆಯಲ್ಲಿ ಕೇಳಿ ತರುತ್ತಾರೆ. ಕೊಡುವವರಿಗೂ ಪಡೆಯುವವರಿಗೂ ಪರಿಚಯವಿರುವುದರಿಂದ ಅರ್ಜಿ, ಒಪ್ಪಂದಗಳ ಅಗತ್ಯ ಬೀಳುವುದಿಲ್ಲ, ಮನೆ ನೋಡುವ ಭೇಟಿ ಮದುವೆ ಮುಂಜಿಗಳಲ್ಲಿಯೇ ಆಗಿಹೋಗುತ್ತದೆ. ಹೆಚ್ಚಾದ ಮರಿಗಳ ಗತಿ ಮಾತ್ರ ಬೇರೆ. ಹೆಣ್ಣುಮರಿಗಳನ್ನು ಕೇಳುವವರು ಕಡಿಮೆ. ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಹೊಳೆ ದಾಟಿಸಿ ಬಿಟ್ಟು ಬರುವ, ನಾಯಿಮರಿಗಳನ್ನು ಪೇಟೆಯ ಅಂಚಿನಲ್ಲಿ ಇಳಿಸುವ ರೂಢಿ ಹಳೆಯದು. ಪ್ರಾಣಹತ್ಯೆಯ ಪಾಪ ಬೇಡವೆಂಬ ಭಾವನೆಯಿಂದಲೇ ಹೀಗೆ ಮಾಡುವವರು ಹೆಚ್ಚು. ಬಿಟ್ಟ ಮರಿ ಮಳೆಗಾಲದಲ್ಲಿ ಎಷ್ಟು ದಿನ ಉಳಿಯುತ್ತದೆಂಬುದು ಕಣ್ಣಿಗೆ ಬೀಳುವುದಿಲ್ಲ ಅಷ್ಟೇ.

ತಾಲೂಕು ಮಟ್ಟದಲ್ಲಿ ಆಶ್ರಯಧಾಮಗಳಿರುವುದು ಅಪರೂಪವಾದ್ದರಿಂದ ಇಂಥ ಊರುಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಯೇ ಆಧಾರ. ಲೂಯಿ ಪಾಶ್ಚರ್ ಅವರು ನಿಧನರಾದ ದಿನವಾದ ಸೆಪ್ಟೆಂಬರ್ 28ನ್ನು ವಿಶ್ವ ರೇಬೀಸ್ ದಿನವಾಗಿ ಆಚರಿಸಲಾಗುತ್ತದೆ. ಅದರ ಆಸುಪಾಸಿನಲ್ಲಿ ಪಶುಪಾಲನಾ ಇಲಾಖೆ ಹಲವೆಡೆ ನಾಯಿಗಳಿಗೆ ಉಚಿತ ಲಸಿಕೆ ಹಾಕುತ್ತದೆ. ಮರಿಗೆ ಮೂರು ತಿಂಗಳು ತುಂಬಿದಾಗ ರೇಬೀಸಿನ ಮೊದಲ ಚುಚ್ಚುಮದ್ದು ಕೊಡಿಸಬೇಕು. ಆ ಬಳಿಕ ಪಶುವೈದ್ಯರು ಹೇಳಿದ ಅವಧಿಗೆ, ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಮತ್ತೆ ಹಾಕಿಸಬೇಕು.